ಗೌರಿ ಹೂವಿನ ವಿಷ ಎಲ್ಲಿಗೆ ಹೋಗಿ ಹಿಡಿಯುತ್ತದೆ?

ಮಳೆಗಾಲದಲ್ಲಿ ಬೇಲಿ ಮೇಲೆ ಹಬ್ಬಿ, ಬೆಂಕಿಯ ನಾಲಿಗೆಯಂಥ ಕೆಂಪು-ಹಳದಿ ಹೂ ಬಿಡುವ ಗೌರಿ ಹೂವಿನ ಬಳ್ಳಿ ನೋಡಿದ್ದೀರಲ್ವಾ? ಅಗ್ನಿಶಿಖೆ ಅಂತಲೂ ಕರೆಯುತ್ತಾರೆ. ನೋಡೋಕೆ ಚೆಂದ, ಆದರೆ ಗೆಡ್ಡೆ ಕಡು ವಿಷ. ಆ ವಿಷದ ಹೆಸರು ಕಾಲ್ಚಿಸಿನ್. ಗೌಟ್ ಎಂಬ ಕೀಲುನೋವಿಗೆ ವೈದ್ಯರು ಅಳೆದು ತೂಗಿ ಕೊಡುವ ಮದ್ದೂ ಅದೇ!

ಅದು ಜೀವಕೋಶದೊಳಗೆ ಯಾವುದಕ್ಕೆ ಅಂಟುತ್ತದೆ ಎಂದು ಹುಡುಕಿದ ಗ್ಯಾರಿ ಬೋರಿಸಿ ಮತ್ತು ಎಡ್ವಿನ್ ಟೇಲರ್ ಅವರಿಗೆ 1967ರಲ್ಲಿ ಒಂದು ಪ್ರೋಟೀನ್ ಸಿಕ್ಕಿತು. ಮುಂದೆ ಅದಕ್ಕೆ ಟ್ಯುಬುಲಿನ್ ಎಂಬ ಹೆಸರು ಬಂತು. ಟ್ಯುಬುಲಿನ್ ಜೋಡಿಗಳು ಒಂದರ ಮೇಲೊಂದು ಕೂತು ಎಳೆಯಾಗುತ್ತವೆ, ಸಾಮಾನ್ಯವಾಗಿ ಅಂಥ 13 ಎಳೆಗಳು ಪಕ್ಕಪಕ್ಕ ಸೇರಿ 25 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಅಗಲದ ಟೊಳ್ಳು ಕೊಳವೆಯಾಗುತ್ತದೆ. ಇದೇ ಮೈಕ್ರೋಟ್ಯೂಬ್ಯೂಲ್.

ಕೋಶಕ್ಕೆ ಆಕಾರ ಕೊಡುವ ಎಳೆಗಳು ಇನ್ನೂ ಇವೆ. ಸ್ನಾಯುವಿನ ಎಳೆತಕ್ಕೆ, ಕೋಶಗಳ ತೆವಳಾಟಕ್ಕೆ 7 ನ್ಯಾನೋಮೀಟರ್ ದಪ್ಪದ ಆಕ್ಟಿನ್ ಬೇಕು. ಮೈಕ್ರೋಟ್ಯೂಬ್ಯೂಲ್, ಆಕ್ಟಿನ್ ಇವೆರಡರ ನಡುವಿನ ದಪ್ಪದ ಎಳೆಗಳು ಹಗ್ಗದ ಹಾಗೆ ಹೊಸೆದುಕೊಂಡು ಕೋಶವನ್ನು ಹರಿಯದಂತೆ ಹಿಡಿದಿಡುತ್ತವೆ. ನಿಮ್ಮ ಕೂದಲು, ಉಗುರಿನ ಕೆರಾಟಿನ್ ಆ ಜಾತಿಯದು.

ಇವನ್ನೆಲ್ಲ ಒಟ್ಟಿಗೆ ಕೋಶದ ಅಸ್ಥಿಪಂಜರ ಅನ್ನುವುದು ರೂಢಿ. ನನಗೇನೋ ಆ ಹೆಸರು ಅಷ್ಟು ಒಪ್ಪುವುದಿಲ್ಲ. ಮೂಳೆ ನಿಮಿಷಕ್ಕೊಮ್ಮೆ ಕರಗಿ ಮತ್ತೆ ಬೆಳೆಯುತ್ತದೆಯೇ? ಮೈಕ್ರೋಟ್ಯೂಬ್ಯೂಲ್‌ಗಳು ಹಾಗೆಯೇ ಮಾಡುತ್ತವೆ. ಒಂದು ತುದಿ ಬೆಳೆಯುತ್ತಾ ಬೆಳೆಯುತ್ತಾ ಇದ್ದಕ್ಕಿದ್ದ ಹಾಗೆ ಕುಸಿಯುತ್ತದೆ, ಮತ್ತೆ ಬೆಳೆಯುತ್ತದೆ. ಮಿಚಿಸನ್ ಮತ್ತು ಕರ್ಶ್ನರ್ 1984ರಲ್ಲಿ ಇದನ್ನು ವಿವರಿಸಿದರು. ಸುಮ್ನೆ ದಂಡದ ಕೆಲಸ ಅನ್ನಿಸಬಹುದು, ಆದರೆ ಕೋಶ ಒಡೆದು ಎರಡಾಗುವಾಗ ಈ ಕೊಳವೆಗಳು ಗಾಳ ಹಾಕಿದ ಹಾಗೆ ಎಲ್ಲ ದಿಕ್ಕಿಗೂ ಚಾಚಿ, ಸಿಗದಿದ್ದರೆ ಹಿಂದೆ ಸರಿದು, ಮತ್ತೆ ಚಾಚಿ ವರ್ಣತಂತುಗಳನ್ನು ಹಿಡಿಯುತ್ತವೆ.

ಕಾಲ್ಚಿಸಿನ್ ಈ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ. ಕೋಶ ಅರ್ಧ ದಾರಿಯಲ್ಲಿ ಸಿಕ್ಕಿಬೀಳುತ್ತದೆ. ಜಾಸ್ತಿ ಒಡೆಯುವ ಕೋಶಗಳಿರುವುದು ಕರುಳಿನ ಒಳಪದರದಲ್ಲಿ, ಅಸ್ಥಿಮಜ್ಜೆಯಲ್ಲಿ. ಗೆಡ್ಡೆ ತಿಂದವರಿಗೆ ಮೊದಲು ವಾಂತಿ-ಭೇದಿ ಶುರುವಾಗಿ, ಆಮೇಲೆ ರಕ್ತಕಣಗಳು ಇಳಿಯುವುದು ಅದಕ್ಕೇ.

ಕ್ಯಾನ್ಸರ್ ಮದ್ದು ಪ್ಯಾಕ್ಲಿಟಾಕ್ಸೆಲ್ ಮಾಡುವುದು ತದ್ವಿರುದ್ಧ, ಕೊಳವೆ ಕುಸಿಯಲು ಬಿಡುವುದಿಲ್ಲ. ಆದರೂ ಕೋಶ ಸಿಕ್ಕಿಬೀಳುತ್ತದೆ! ಆದರೆ ನರಕೋಶಗಳಲ್ಲಿ ಇವೇ ಕೊಳವೆಗಳು ಸರಕು ಸಾಗಿಸುವ ಹಳಿಗಳೂ ಹೌದು. ಕೈನೆಸಿನ್ ಎಂಬ ಪ್ರೋಟೀನ್ ಹೊರೆ ಹೊತ್ತು, 8 ನ್ಯಾನೋಮೀಟರ್‌ಗೆ ಒಂದು ಹೆಜ್ಜೆಯಂತೆ ಅವುಗಳ ಮೇಲೆ ನಡೆಯುತ್ತದೆ. ಸೊಂಟದಿಂದ ಕಾಲ್ಬೆರಳಿಗೆ ಸುಮಾರು ಒಂದು ಮೀಟರ್, ಅಂದರೆ ಹನ್ನೆರಡೂವರೆ ಕೋಟಿ ಹೆಜ್ಜೆ, ಅದೂ ದಾರಿಯುದ್ದಕ್ಕೂ ಹೊರೆಯಾಳು ಬದಲಾಗುತ್ತಾ. ಪ್ಯಾಕ್ಲಿಟಾಕ್ಸೆಲ್ ತೆಗೆದುಕೊಳ್ಳುವ ಎಷ್ಟೋ ಜನರಿಗೆ ಮೊದಲು ಜೋಮು ಹಿಡಿಯುವುದು ಕೈಕಾಲು ಬೆರಳ ತುದಿಗೇ.