ಇಂಬಳ ಕಚ್ಚಿದ್ದಕ್ಕೂ ಒಂದೇ ಸ್ಟಾರ್: ಉತ್ತರ ಬರೆಯಬೇಕಾ, ಸುಮ್ನೆ ಬಿಡಬೇಕಾ?

ಓದುಗರ ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ನಾಲ್ಕು ರೂಮು, ಅಡುಗೆ ಮನೆಯವರದ್ದೇ. ಜುಲೈನಲ್ಲಿ ಬಂದುಹೋದ ಒಬ್ಬರು ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟು, ‘ಬಿಸಿನೀರಿಲ್ಲ, ನೆಟ್‌ವರ್ಕ್ ಇಲ್ಲ, ಎಲ್ಲಿ ನೋಡಿದರೂ ಇಂಬಳ (ಜಿಗಣೆ), ದುಡ್ಡು ದಂಡ’ ಎಂದು ಬರೆದಿದ್ದಾರೆ. ಬಿಸಿನೀರು ಆವತ್ತು ಕೈಕೊಟ್ಟಿದ್ದು ನಿಜ. ಆದರೆ ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಇರದೆ ಇನ್ನೇನಿರುತ್ತದೆ? ತಾವು ರಾತ್ರಿ ಎರಡರವರೆಗೆ ಗಲಾಟೆ ಮಾಡಿದ್ದನ್ನು ಮಾತ್ರ ಬರೆದಿಲ್ಲ. ಇದನ್ನು ತೆಗೆಸಬಹುದಾ? ಆಗದಿದ್ದರೆ ಏನಂತ ಉತ್ತರ ಕೊಡಲಿ?

ಉತ್ತರ: ಇದನ್ನು ತೆಗೆಸಲು ಆಗುವುದಿಲ್ಲ. ಉತ್ತರ ಕೊಡಿ. ಆದರೆ ಇವತ್ತು ರಾತ್ರಿಯೇ ಬೇಡ.

ಮೊದಲು ತೆಗೆಸುವ ವಿಚಾರ ಮುಗಿಸೋಣ. ಗೂಗಲ್‌ನಲ್ಲಿ ರಿವ್ಯೂ ಅಳಿಸುವ ಅಧಿಕಾರ ಮಾಲೀಕರಿಗಿಲ್ಲ. ರಿಪೋರ್ಟ್ ಮಾಡಬಹುದು ಅಷ್ಟೇ. ಅದೂ ನಿಯಮ ಮೀರಿದ್ದರೆ ಮಾತ್ರ: ಬೈಗುಳ, ಜಾತಿನಿಂದನೆ, ಬಾರದೇ ಬರೆದ ಸುಳ್ಳು, ಪಕ್ಕದ ಹೋಂಸ್ಟೇಯವರೇ ಬರೆಸಿದ್ದು, ಫೋನ್ ನಂಬರ್ ಹಾಕಿದ್ದು, ಇಂಥವು. ‘ನೀರು ಬಿಸಿ ಇತ್ತು’, ‘ಇರಲಿಲ್ಲ’ ಎಂಬ ಜಗಳದ ಪಂಚಾಯಿತಿಯನ್ನು ಗೂಗಲ್ ಮಾಡುವುದಿಲ್ಲ. ನಿಮ್ಮ ಅತಿಥಿ ಬಂದಿದ್ದು ನಿಜ, ಉಳಿದಿದ್ದು ನಿಜ. ರಿಪೋರ್ಟ್ ಒತ್ತಿ ದಿನಗಟ್ಟಲೆ ಕಾಯುವುದು ವ್ಯರ್ಥ.

ಹಾಗಾದರೆ ಉತ್ತರ ಯಾರಿಗೆ? ಬರೆದವರಿಗಂತೂ ಅಲ್ಲ. ಅವರು ಮತ್ತೆ ನಿಮ್ಮ ಮನೆಗೆ ಬರುವುದು ಅನುಮಾನ. ಬೆಂಗಳೂರಿನ ಯಾವುದೋ ಫ್ಲ್ಯಾಟಿನಲ್ಲಿ ಮಕ್ಕಳನ್ನು ಮಲಗಿಸಿ, ಮುಂದಿನ ಶನಿವಾರಕ್ಕೆ ರೂಮು ಹುಡುಕುತ್ತಿರುವ ತಾಯಿಯೊಬ್ಬಳನ್ನು ಕಣ್ಮುಂದೆ ತಂದುಕೊಳ್ಳಿ. ಐದು ಸ್ಟಾರಿನ ‘ಸೂಪರ್ ಪ್ಲೇಸ್’ಗಳನ್ನು ಆಕೆ ಸರಸರ ದಾಟುತ್ತಾಳೆ. ಕಡಿಮೆ ಸ್ಟಾರ್ ಇರುವುದನ್ನೇ ಮೊದಲು ತೋರಿಸು ಎಂದು ಒತ್ತುತ್ತಾಳೆ. ನಾನೂ ಹಾಗೇ ಮಾಡುವವನು. ಆಕೆಗೆ ಬೇಕಾಗಿರುವುದು ಯಾರು ಗೆದ್ದರು ಎಂಬುದಲ್ಲ. ಮಕ್ಕಳ ಸ್ನಾನಕ್ಕೆ ಬಿಸಿನೀರು ಸಿಗುತ್ತದಾ, ಇಂಬಳ ರೂಮಿನೊಳಗೂ ಬರುತ್ತದಾ, ಊರಲ್ಲಿರುವ ಅತ್ತೆಗೆ ಫೋನ್ ಮಾಡಬಹುದಾ, ಅಷ್ಟೇ. ನಿಮ್ಮ ಉತ್ತರ ಅದನ್ನು ಹೇಳಬೇಕು.

ಈಗ ನಿಮ್ಮ ಮನಸ್ಸಿನಲ್ಲಿ ಕುದಿಯುತ್ತಿರುವ ಉತ್ತರ ಯಾವುದು ಅಂತ ನನಗೆ ಗೊತ್ತು. ‘ಕುಡಿದು ರಾತ್ರಿ ಎರಡರವರೆಗೆ ಕೂಗಾಡಿದವರು ನೀವು, ಇಂಬಳ ಬೇಡ ಅಂದರೆ ಮಾಲ್‌ಗೆ ಹೋಗಿ.’ ಬರೆಯಿರಿ. ಬರೆದು, ಮನೆಯವರಿಗೆ ಓದಿಹೇಳಿ, ನಕ್ಕು, ಅಳಿಸಿಬಿಡಿ. ಅದು ನೂರಕ್ಕೆ ನೂರು ನಿಜವೇ ಇರಬಹುದು. ಆದರೆ ಆ ತಾಯಿಗೆ ಅದರಲ್ಲಿ ಕಾಣುವುದು ಬೇರೆ: ಇಲ್ಲಿಗೆ ಹೋದರೆ ನಾವು ಏನು ಮಾಡಿದೆವು ಅಂತ ಊರಿಗೆಲ್ಲ ಹೇಳುತ್ತಾರೆ. ಅತಿಥಿಗಳ ಆಧಾರ್ ಪ್ರತಿ ನಿಮ್ಮ ಹತ್ತಿರ ಇರುತ್ತದೆ, ರಿಜಿಸ್ಟರಿನಲ್ಲಿ ವಿಳಾಸ ಇರುತ್ತದೆ, ಯಾರ ಜೊತೆ ಬಂದರು ಅನ್ನುವುದೂ ಗೊತ್ತಿರುತ್ತದೆ. ಅದರಲ್ಲಿ ಒಂದು ಚೂರೂ ಉತ್ತರದಲ್ಲಿ ಬರಬಾರದು. ‘ಮಾನನಷ್ಟ ಕೇಸು ಹಾಕುತ್ತೇನೆ’ ಎನ್ನುವುದೂ ಅದೇ ಥರ. ಬರೆದವರು ಹೆದರುತ್ತಾರೋ ಇಲ್ಲವೋ, ಬರಬೇಕಾದವರು ಹೆದರುತ್ತಾರೆ.

ಇನ್ನೊಂದು ತಪ್ಪು ಒಳ್ಳೆಯವರೇ ಮಾಡುವಂಥದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ. ‘ದುಡ್ಡು ದಂಡ’ ಎಂಬ ಎರಡು ಪದಕ್ಕೆ ಮೂವತ್ತು ಸಾಲಿನ ಸಮರ್ಥನೆ. ಡೀಸೆಲ್ ರೇಟು, ಆಳಿನ ಕೂಲಿ, ಕಾಫಿಗೆ ಬಂದ ಬೋರರ್ ಹುಳು ಎಲ್ಲ ಅದರಲ್ಲಿ. ಐದಾರು ಸಾಲು ಸಾಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ನಮಸ್ಕಾರ. ಆವತ್ತು ಬಿಸಿನೀರು ಸಿಗದೆ ನಿಮಗೆ ತೊಂದರೆಯಾಯಿತು. ಅದು ನಮ್ಮದೇ ತಪ್ಪು, ಕ್ಷಮಿಸಿ. ಮೋಡ ಕವಿದರೆ ಸೋಲಾರ್‌ನಲ್ಲಿ ನೀರು ಕಾಯುವುದಿಲ್ಲ. ಅದಕ್ಕೇ ಈಗ ಹಂಡೆ ಒಲೆ ಹಾಕಿಸಿದ್ದೇವೆ, ಬೆಳಿಗ್ಗೆ ಆರರಿಂದ ಬಿಸಿನೀರು ಇರುತ್ತದೆ. ಮಳೆಗಾಲದಲ್ಲಿ ತೋಟದಲ್ಲಿ ಇಂಬಳ ಇದ್ದೇ ಇರುತ್ತದೆ. ತೋಟಕ್ಕೆ ಇಳಿಯುವ ಮುಂಚೆ ಉಪ್ಪು, ಹೊಗೆಸೊಪ್ಪಿನ ಪುಡಿ ಕೊಡುತ್ತೇವೆ. ಇಂಬಳ ಬೇಡ ಅನ್ನುವವರು ಡಿಸೆಂಬರ್ ಮೇಲೆ ಬಂದರೆ ಒಳ್ಳೆಯದು. ಫೋನ್ ಸಿಗ್ನಲ್ ಅಂಗಳದಲ್ಲಿ ಮಾತ್ರ ಸಿಗುತ್ತದೆ. ಇದನ್ನು ಬುಕಿಂಗ್ ಹೊತ್ತಿನಲ್ಲೇ ನಿಮಗೆ ಹೇಳಬೇಕಿತ್ತು.’

ಗಮನಿಸಿ, ಇಂಬಳಕ್ಕೆ ಕ್ಷಮೆ ಕೇಳಿಲ್ಲ. ನೀರಿಗೆ ಕೇಳಿದೆ. ನಮ್ಮ ಕೈಲಿ ಇದ್ದದ್ದಕ್ಕೆ ಮಾತ್ರ ಕ್ಷಮೆ, ಉಳಿದದ್ದಕ್ಕೆ ಮಾಹಿತಿ. ಮತ್ತೆ ಹಂಡೆ ಒಲೆ ಹಾಕಿಸದೇ ‘ಹಾಕಿಸಿದ್ದೇವೆ’ ಎಂದು ಬರೆಯಬೇಡಿ. ಮುಂದಿನವರು ಬಂದು ನೋಡಿಯೇ ನೋಡುತ್ತಾರೆ. ಇನ್ನೂ ಆಗಿಲ್ಲ ಅಂದರೆ ‘ಹಾಕಿಸುತ್ತಿದ್ದೇವೆ’ ಎನ್ನಿ, ಆದ ಮೇಲೆ ತಿದ್ದಿ. ಗೂಗಲ್‌ನಲ್ಲಿ ನಿಮ್ಮ ಉತ್ತರವನ್ನು ಯಾವಾಗ ಬೇಕಾದರೂ ತಿದ್ದಬಹುದು. ಹಳೆಯ ರಿವ್ಯೂಗಳಿಗೂ ಈಗ ಉತ್ತರ ಕೊಡಬಹುದು. ಏರ್‌ಬಿಎನ್‌ಬಿಯಲ್ಲಿ ಹಾಗಲ್ಲ, ಅಲ್ಲಿ 30 ದಿನದ ಗಡುವಿದೆ. ರಿವ್ಯೂ ಬರೆದವರು ತಮ್ಮದನ್ನೂ ತಿದ್ದಬಹುದು. ನಿಮ್ಮ ಉತ್ತರ ಬಂದಿದ್ದು ಅವರಿಗೆ ತಿಳಿಯುತ್ತದೆ. ಕೆಲವರು ಮನಸ್ಸು ಕರಗಿ ಸ್ಟಾರ್ ಜಾಸ್ತಿ ಮಾಡುವುದುಂಟು, ಆದರೆ ಉತ್ತರದಲ್ಲಿ ಅದನ್ನು ಕೇಳಲು ಹೋಗಬೇಡಿ.

ಭಾಷೆ? ಅವರು ಇಂಗ್ಲಿಷಿನಲ್ಲಿ ಬರೆದಿದ್ದರೆ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೆದಿದ್ದರೆ ಕನ್ನಡದಲ್ಲಿ. ಇಂಗ್ಲಿಷ್ ಕಷ್ಟವಾದರೆ ಕನ್ನಡದಲ್ಲೇ ಬರೆಯಿರಿ, ನಷ್ಟವೇನಿಲ್ಲ.

ಒಂದು ಸ್ಟಾರಿನಿಂದ ಎಷ್ಟು ಪೆಟ್ಟು ಬೀಳುತ್ತದೆ ಅನ್ನುವ ಭಯ ಇರುತ್ತದಲ್ಲ, ಲೆಕ್ಕ ಹಾಕಿಬಿಡೋಣ. ನಿಮಗೆ 40 ರಿವ್ಯೂ ಇದ್ದು ಸರಾಸರಿ 4.6 ಇತ್ತು ಅಂದುಕೊಳ್ಳಿ. ಈ ಒಂದು ಸ್ಟಾರ್ ಸೇರಿದರೆ ಅದು 4.5 ಆಗುತ್ತದೆ. ಮುಂದಿನ ನಾಲ್ಕು ಜನ ಐದೈದು ಕೊಟ್ಟರೆ ಮತ್ತೆ 4.6. ಆದರೆ ಇರುವುದೇ 12 ರಿವ್ಯೂ, ಸರಾಸರಿ 4.5 ಅಂದರೆ ಅದೇ ಒಂದು ಸ್ಟಾರ್ ನಿಮ್ಮನ್ನು 4.2ಕ್ಕೆ ಇಳಿಸುತ್ತದೆ. ಅಂದರೆ ನಿಮ್ಮ ತೊಂದರೆ ಆ ಅತಿಥಿಯಲ್ಲ. ಖುಷಿಯಾಗಿ ಹೋದವರು ಏನೂ ಬರೆಯದೇ ಹೋಗುತ್ತಿರುವುದು.

ಅವರನ್ನು ಕೇಳಿ. ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು, ಬ್ಯಾಗು ಕಾರಿಗೆ ಹಾಕುವ ಹೊತ್ತಿನಲ್ಲಿ ‘ಹೇಗನ್ನಿಸಿತೋ ಹಾಗೇ ಬರೆಯಿರಿ’ ಎಂದು ಎಲ್ಲರಿಗೂ ಹೇಳಿ. ನಗುತ್ತಾ ಹೋಗುವವರನ್ನು ಮಾತ್ರ ಆರಿಸಿ ಕೇಳುವುದು ಗೂಗಲ್ ನಿಯಮಕ್ಕೆ ವಿರುದ್ಧ. ‘ರಿವ್ಯೂ ಬರೆದರೆ ಅರ್ಧ ಕೆಜಿ ಕಾಫಿಪುಡಿ ಫ್ರೀ’ ಕೂಡ ಹಾಗೇ. ಕಾಫಿಪುಡಿ ಕೊಡಬೇಕು ಅನ್ನಿಸಿದರೆ ಸುಮ್ನೆ ಕೊಡಿ. ತಂಗಿ ಮಗ, ಭಾವಮೈದುನನಿಂದ ಐದು ಸ್ಟಾರ್ ಹಾಕಿಸುವ ಕೆಲಸವಂತೂ ಬೇಡವೇ ಬೇಡ. ನಕಲಿ ರಿವ್ಯೂಗಳ ಹಾವಳಿ ನೋಡಿಯೇ ನಮ್ಮ ಭಾರತೀಯ ಮಾನಕ ಬ್ಯೂರೋ (ಬಿಐಎಸ್) 2022ರ ನವೆಂಬರಿನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದ್ದು. ಅದು ಮುಖ್ಯವಾಗಿ ರಿವ್ಯೂ ಪ್ರಕಟಿಸುವ ಜಾಲತಾಣಗಳಿಗೆ. ಆದರೆ ಒಂದೇ ಮನೆತನದ ಹೆಸರಿನ ಆರು ಜನ ಒಂದೇ ವಾರದಲ್ಲಿ ‘ಬೆಸ್ಟ್ ಹೋಂಸ್ಟೇ ಇನ್ ಮಲ್ನಾಡ್’ ಎಂದರೆ ಅದನ್ನು ಹಿಡಿಯಲು ಮಾನದಂಡ ಬೇಕಾ?

ಯಾರಾದರೂ ‘ದುಡ್ಡು ಕಳಿಸದಿದ್ದರೆ ಇಪ್ಪತ್ತು ಜನರಿಂದ ಒಂದೊಂದೇ ಸ್ಟಾರ್ ಹಾಕಿಸುತ್ತೇವೆ’ ಎಂದು ಮೆಸೇಜ್ ಕಳಿಸಿದರೆ ಮಾತ್ರ ಕಥೆ ಬೇರೆ. ಅದು ರಿವ್ಯೂ ಅಲ್ಲ, ವಸೂಲಿ. ಪೈಸೆ ಕೊಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಡಿ, ಗೂಗಲ್‌ಗೆ ರಿಪೋರ್ಟ್ ಮಾಡಿ, ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ನನ್ನದೊಂದು ಪ್ರಶ್ನೆ. ನಿಮ್ಮ ಹೋಂಸ್ಟೇಯ ಗೂಗಲ್ ಪ್ರೊಫೈಲ್ ಯಾರ ಜೀಮೇಲ್‌ನಲ್ಲಿದೆ? ಮಾಲೀಕರು ಅಂತ ಗೂಗಲ್ ಪರಿಶೀಲಿಸಿದ ಖಾತೆಯಿಂದ ಮಾತ್ರ ಉತ್ತರ ಬರೆಯಲು ಬರುತ್ತದೆ. ಎಷ್ಟೋ ಕಡೆ ಅದನ್ನು ಮಾಡಿಕೊಟ್ಟಿದ್ದು ಪಕ್ಕದೂರಿನ ಹುಡುಗ, ಅವನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ. ನಿಮ್ಮ ಮನೆಯಲ್ಲೂ ಅದೇ ಕಥೆಯಾದರೆ, ಉತ್ತರದ ಕರಡು ಪಕ್ಕಕ್ಕಿಟ್ಟು ಮೊದಲು ಅವನಿಗೆ ಒಂದು ಫೋನ್ ಮಾಡಿ.