ಅಮ್ಮನ್ನ ಒಂದು ಕಡೆ ಕೂರಿಸಿಬಿಟ್ರೆ ಬೀಳಲ್ಲ ಅಲ್ವಾ?

ಪ್ರಶ್ನೆ: ಅಮ್ಮಂಗೆ 76 ವರ್ಷ, ಒಬ್ರೇ ಇರ್ತಾರೆ, ನಮ್ಮ ಜೊತೆ ಬನ್ನಿ ಅಂದ್ರೆ ಕೇಳಲ್ಲ. ಹೋದ ತಿಂಗಳು ಜಾರಿ ಬಿದ್ರು, ಪುಣ್ಯಕ್ಕೆ ಏನೂ ಆಗ್ಲಿಲ್ಲ. ಜಾಸ್ತಿ ಓಡಾಡ್ಬೇಡಿ, ಒಂದು ಕಡೆ ಕೂತಿರಿ ಅಂತ ಹೇಳಿದೀವಿ. ಇನ್ನೇನು ಮಾಡ್ಬೇಕು?

ಉತ್ತರ: ಈ ಪ್ರಶ್ನೆ ನಂಗೆ ಬರ್ತಾನೇ ಇರುತ್ತೆ, ಅಮ್ಮನ ಜಾಗದಲ್ಲಿ ಒಂದೊಂದ್ಸಲ ಅಪ್ಪ, ಒಂದೊಂದ್ಸಲ ಅತ್ತೆ, ಆದ್ರೆ "ಒಂದು ಕಡೆ ಕೂತಿರಿ ಅಂತ ಹೇಳಿದೀವಿ" ಅನ್ನೋ ಸಾಲು ಮಾತ್ರ ತಪ್ಪಲ್ಲ. ಇನ್ನೇನು ಮಾಡ್ಬೇಕು ಅನ್ನೋಕ್ಮುಂಚೆ ದಯವಿಟ್ಟು ಆ ಮಾತನ್ನ ವಾಪಸ್ ತಗೊಳ್ಳಿ. ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ, ಆದ್ರೂ ಮತ್ತೆ ಪೂರ್ತಿ ಹೇಳ್ತೀನಿ.

ಕೂತವರು ಬೀಳಲ್ಲ, ನಿಜ, ಕೂತಿರೋವರೆಗೆ. ಆದ್ರೆ ರಾತ್ರಿ ಬಾತ್ರೂಮಿಗೆ ಏಳಲೇಬೇಕು, ಯಾರೋ ಬೆಲ್ ಹೊಡೆದ್ರೆ ಬಾಗಿಲಿಗೆ ಹೋಗಲೇಬೇಕು, ಆಗ ಕಾಲು ಎಡವಿದ್ರೆ ಅವರನ್ನ ಉಳಿಸೋದು ಯಾವುದು ಹೇಳಿ? ತಟ್ಟನೆ ಮುಂದಿಡೋ ಇನ್ನೊಂದು ಹೆಜ್ಜೆ. ನಾವೆಲ್ಲ ಎಡವ್ತೀವಿ, ಆ ಹೆಜ್ಜೆ ಇರೋದ್ರಿಂದ ಬೀಳಲ್ಲ ಅಷ್ಟೇ. ಅದಕ್ಕೆ ತೊಡೆ, ಸೊಂಟ, ಪಾದದ ಕೀಲಿನ ಹತ್ರ ಶಕ್ತಿ ಬೇಕು, ಅದೂ ಕ್ಷಣದಲ್ಲಿ ಬರೋ ಶಕ್ತಿ, ಕೂತ್ರೆ ಮೊದಲು ಕರಗೋದೇ ಅದು. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನ ಬರೀ 10 ದಿನ ಹಾಸಿಗೆಯಲ್ಲೇ ಇರಿಸಿದ್ರು, ಕಾಲಿಂದಲೇ ಹೆಚ್ಚುಕಮ್ಮಿ 1 ಕೆಜಿ ಮಾಂಸಖಂಡ ಹೋಯ್ತು. ನೀವು ಪ್ರೀತಿಯಿಂದ ಕೂರಿಸ್ತಿದೀರಿ ಅಂತ ಗೊತ್ತು, ಆದ್ರೆ ಹೀಗೆ ತಿಂಗಳುಗಟ್ಟಲೆ ಕೂತ ಮೇಲೆ ಎಡವೋದು ಕಮ್ಮಿ ಆಗಲ್ಲ, ಎಡವಿದಾಗ ಸಾವರಿಸ್ಕೊಳ್ಳೋದು ಹೋಗಿರುತ್ತೆ.

ಜೊತೆಗೆ ಭಯ. "ಹುಷಾರು, ಹುಷಾರು" ಅಂತ ದಿನಾ ಕೇಳಿ ಕೇಳಿ ಅವರು ಗೋಡೆ ಹಿಡ್ಕೊಂಡು, ಪಾದ ಎಳ್ಕೊಂಡು, ಸಣ್ಣ ಸಣ್ಣ ಹೆಜ್ಜೆ ಇಡೋಕೆ ಶುರು ಮಾಡ್ತಾರೆ, ಎತ್ತದ ಪಾದ ಮ್ಯಾಟಿನ ಅಂಚಿಗೂ ತಗಲುತ್ತೆ.

ಹಾಗಾದ್ರೆ ಕೆಲಸ ಮಾಡೋದು ಏನು? ವ್ಯಾಯಾಮ. ವೈದ್ಯಕೀಯ ಪ್ರಯೋಗಗಳನ್ನ ಒಟ್ಟು ಹಾಕಿ ನೋಡೋ ಕಾಕ್ರೇನ್ ಅನ್ನೋ ಸಂಸ್ಥೆಯ 2019ರ ಪರಿಶೀಲನೆ 108 ಪ್ರಯೋಗ, 23 ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ನೋಡ್ತು, ವ್ಯಾಯಾಮ ಮಾಡಿದವರಲ್ಲಿ ಬೀಳೋದು ಸುಮಾರು 23% ಕಮ್ಮಿ. ಅದ್ರಲ್ಲೂ ಬ್ಯಾಲೆನ್ಸ್ ಕಲಿಸೋ ವ್ಯಾಯಾಮ, ಬರೀ ವಾಕಿಂಗ್ ಅಲ್ಲ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಅಡುಗೆಮನೆ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ನಿಲ್ಲೋದು. ಇಷ್ಟು ಸರಳವಾ ಅಂತೀರಿ, ಕೈ ಊರದೆ ಏಳೋಕೆ ಆಗ್ದೆ ಇದ್ದವರು ಕೆಲವು ವಾರಕ್ಕೆ ಹತ್ತು ಸಲ ಎದ್ದು ಕೂತು ನನ್ನ ಮುಖ ನೋಡಿ ನಕ್ಕಿದಾರೆ, ಅದಕ್ಕಿಂತ ದೊಡ್ಡ ಖುಷಿ ಈ ಕೆಲಸದಲ್ಲಿ ನಂಗಿಲ್ಲ. ನಿಮ್ಮಮ್ಮ ಈಗಾಗ್ಲೇ ಬಿದ್ದಿರೋದ್ರಿಂದ ಮೊದಲು ಡಾಕ್ಟ್ರಿಗೆ ತೋರಿಸಿ, ಫಿಸಿಯೋಥೆರಪಿಸ್ಟ್ ಹತ್ರ ಕಲಿತು ಶುರು ಮಾಡ್ಲಿ. ಏನೂ ಆಗ್ಲಿಲ್ಲ ಅಂತ ಬಿಡ್ಬೇಡಿ, ಒಂದ್ಸಲ ಬಿದ್ದವರು ಮತ್ತೆ ಬೀಳೋ ಸಾಧ್ಯತೆ ಜಾಸ್ತಿ.

ಹೋಗುವಾಗ ಎಲ್ಲಾ ಮಾತ್ರೆ ತಗೊಂಡು ಹೋಗಿ. ನಿದ್ದೆ ಮಾತ್ರೆ, ಕೆಲವು ಬಿಪಿ ಮಾತ್ರೆ ತಲೆ ತಿರುಗಿಸ್ತವೆ, ಆದ್ರೆ ನೀವಾಗೇ ನಿಲ್ಲಿಸ್ಬೇಡಿ. ಮಲಗಿದಾಗ ಒಂದ್ಸಲ, ಎದ್ದು ನಿಂತ 3 ನಿಮಿಷದೊಳಗೆ ಇನ್ನೊಂದ್ಸಲ ಬಿಪಿ ನೋಡಿ ಅಂತ ಕೇಳಿ, ಮೇಲಿನ ಸಂಖ್ಯೆ 20 ಇಳಿದ್ರೆ ಬಿದ್ದಿದ್ದಕ್ಕೆ ಅದೂ ಕಾರಣ ಇರ್ಬಹುದು. ಮನೆ ವಿಷಯ ನಿಮಗೆ ಗೊತ್ತಿರೋದೇ, ರಾತ್ರಿ ದಾರಿಯಲ್ಲಿ ಬೆಳಕು, ನುಣುಪು ನೆಲದ ಮೇಲೆ ಬರೀ ಸಾಕ್ಸ್ ಬೇಡ, ಬಾತ್ರೂಮಲ್ಲಿ ಗೋಡೆಗೆ ಬೋಲ್ಟ್ ಹಾಕಿದ ಹಿಡಿ. ಟವೆಲ್ ರಾಡ್ ಹಿಡಿ ಅಲ್ಲ, ಕಿತ್ತು ಕೈಗೆ ಬರುತ್ತೆ.

ಯಾರೂ ಕೇಳದ ಇನ್ನೊಂದು ಇದೆ. ಎಲ್ಲರೂ ಬೀಳದ ಹಾಗೆ ಏನು ಮಾಡೋದು ಅಂತಾರೆ, ಬಿದ್ರೆ ಏಳೋದು ಹೇಗೆ ಅಂತ ಕೇಳಲ್ಲ. ಒಬ್ರೇ ಇರೋರಿಗೆ ಇದು ಗೊತ್ತಿರ್ಲೇಬೇಕು, ಯಾಕಂದ್ರೆ ಮೂಳೆ ಮುರೀದೇ ಇದ್ರೂ ಗಂಟೆಗಟ್ಟಲೆ ನೆಲದ ಮೇಲೇ ಇದ್ರೆ ಒತ್ತಿಹೋದ ಮಾಂಸಖಂಡ ಹಾಳಾಗಿ ಕಿಡ್ನಿಗೆ ಪೆಟ್ಟಾಗ್ಬಹುದು. ಬಿದ್ದ ತಕ್ಷಣ ಏಳ್ಬೇಡಿ, ಸುಧಾರಿಸ್ಕೊಳ್ಳಿ. ಸೊಂಟ ಅಥವಾ ಕಾಲು ತುಂಬಾ ನೋಯ್ತಿದ್ರೆ ಅಲ್ಲೇ ಇದ್ದು ಸಹಾಯಕ್ಕೆ ಕರೀರಿ. ಇಲ್ಲಾಂದ್ರೆ ಮಗ್ಗುಲಾಗಿ, ಮೊಣಕೈ ಊರಿ, ಅಂಬೆಗಾಲಲ್ಲಿ ಗಟ್ಟಿ ಕುರ್ಚಿ ಹತ್ರ ಹೋಗಿ, ಎರಡೂ ಕೈ ಅದರ ಮೇಲಿಟ್ಟು, ಬಲ ಇರೋ ಕಾಲಿನ ಪಾದ ಮುಂದಿಟ್ಟು ಎದ್ದು, ತಿರುಗಿ ಕೂತ್ಕೊಳ್ಳಿ. ಇದನ್ನೂ ಫಿಸಿಯೋ ಪಕ್ಕದಲ್ಲಿದ್ದಾಗ ಅಭ್ಯಾಸ ಮಾಡಿಸಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರಿಗೆ ತಲೆಗೆ ಪೆಟ್ಟಾದ್ರೆ, ಚೆನ್ನಾಗೇ ಇದೀನಿ ಅಂದ್ರೂ, ಅವತ್ತೇ ಆಸ್ಪತ್ರೆಗೆ.

ಫೋನ್ ಟೇಬಲ್ ಮೇಲಿದ್ರೆ ನೆಲದ ಮೇಲಿರೋರಿಗೆ ಸಿಗಲ್ಲ, ಕುತ್ತಿಗೆಗೆ ಹಾಕೋ ಪೌಚಲ್ಲಿ ಇರ್ಲಿ, ಬಾತ್ರೂಮಿಗೆ ಹೋಗುವಾಗ್ಲೂ. ಮನೆಯ ಇನ್ನೊಂದು ಕೀ ಪಕ್ಕದವರ ಹತ್ರ ಇರ್ಲಿ. ಮತ್ತೆ ಒಬ್ರೇ ಇದ್ದಾಗ ಬಾತ್ರೂಮಿನ ಒಳಚಿಲಕ ಹಾಕೋದು ಬೇಡ ಅಂತ ಇವತ್ತೇ ಹೇಳಿ.