ಅಂಕಿ ಎರಡೆರಡಾಗಿ ಕಂಡರೆ ಅದು ಡಬಲ್ಡ್ ಡೈ ನಾಣ್ಯವೇ?

ಪ್ರಶ್ನೆ: ಅಮೆರಿಕದಿಂದ ಬಂದ ಚಿಲ್ಲರೆಯಲ್ಲಿ 1969ರ ಲಿಂಕನ್ ಸೆಂಟ್ ಒಂದಿದೆ. ಇಸವಿಯ ಕೆಳಗೆ ‘ಎಸ್’ ಗುರುತಿದೆ. ಲೆನ್ಸ್ ಹಿಡಿದು ನೋಡಿದರೆ ಇಸವಿಯೂ ಎಸ್ ಕೂಡ ಜೋಡಿಜೋಡಿಯಾಗಿ ಕಾಣುತ್ತವೆ. ಹರಾಜಿನಲ್ಲಿ ಭಾರಿ ಬೆಲೆಗೆ ಹೋಗುವ ಡಬಲ್ಡ್ ಡೈ ಇದೇನಾ?

ಉತ್ತರ: ಎಸ್ ಕೂಡ ಅದೇ ದಿಕ್ಕಿಗೆ ಜೋಡಿಯಾಗಿದ್ದರೆ, ಅಲ್ಲ. ಬೇಸರವಾಗಬಹುದು, ಆದರೆ ಇಷ್ಟು ಖಚಿತವಾಗಿ ಹೇಳಲು ಬರುವ ನಾಣ್ಯಗಳು ಕಡಿಮೆ.

ಆ ಕಾಲದಲ್ಲಿ ಅಚ್ಚು, ಅಂದರೆ ಡೈ, ತಯಾರಾಗುತ್ತಿದ್ದದ್ದು ಹೀಗೆ. ಉಬ್ಬು ಚಿತ್ರವಿರುವ ಹಬ್ ಅನ್ನು ಉಕ್ಕಿನ ಡೈ ಮೇಲೆ ಒತ್ತುತ್ತಿದ್ದರು. ಒಂದೇ ಒತ್ತಿಗೆ ಚಿತ್ರ ಪೂರ್ತಿ ಮೂಡದ್ದರಿಂದ ಡೈಯನ್ನು ಕಾಯಿಸಿ, ಮೆದುವಾಗಿಸಿ, ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಡೈ ಕೂದಲೆಳೆಯಷ್ಟು ತಿರುಗಿ ಕೂತರೂ ಅದರಲ್ಲೇ ಎರಡು ಚಿತ್ರ ಕೊರೆದುಹೋಗುತ್ತದೆ. ಡಬಲ್ಡ್ ಡೈ ಎಂದರೆ ಇದೇ. ಆಮೇಲೆ ಆ ಡೈಯಿಂದ ಬರುವ ಪ್ರತಿ ನಾಣ್ಯದಲ್ಲೂ ಅದೇ ಜೋಡಿ. ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಎಸ್ ಗುರುತನ್ನು ಮಾತ್ರ ಇದೆಲ್ಲ ಮುಗಿದ ಮೇಲೆ ಕೈಯಿಂದ ಡೈಗೆ ಹೊಡೆಯುತ್ತಿದ್ದರು. ಹಬ್ಬಿನ ತಪ್ಪು ಅದಕ್ಕೆ ತಟ್ಟುವಂತಿಲ್ಲ. ಹಾಗಾಗಿ ಅಸಲಿ 1969-ಎಸ್ ಡಬಲ್ಡ್ ಡೈಯಲ್ಲಿ ‘ಲಿಬರ್ಟಿ’, ‘ಇನ್ ಗಾಡ್ ವಿ ಟ್ರಸ್ಟ್’, ಇಸವಿ, ಮೂರೂ ಢಾಳಾಗಿ ಜೋಡಿಯಾಗಿರುತ್ತವೆ, ಎಸ್ ಒಂಟಿ. (ಎಸ್ ಒಂದನ್ನೇ ಎರಡು ಸಲ ಹೊಡೆದ ನಾಣ್ಯಗಳೂ ಇವೆ, ಅದು ಬೇರೆ ಜಾತಿ. 1990ರಿಂದ ಸೆಂಟ್‌ನ ಗುರುತು ಮೂಲ ಅಚ್ಚಾದ ಮಾಸ್ಟರ್ ಡೈಗೇ ಸೇರಿಹೋಯಿತು. ಅಲ್ಲಿಂದಾಚೆಗೆ ಈ ಪರೀಕ್ಷೆ ನಡೆಯದು.)

ನಿಮ್ಮದರಲ್ಲಿ ಆಗಿರುವುದು ಬಹುಶಃ ಮೆಕ್ಯಾನಿಕಲ್ ಡಬ್ಲಿಂಗ್. ಯಂತ್ರದಲ್ಲಿ ಡೈ ಸಡಿಲವಾಗಿದ್ದರೆ, ನಾಣ್ಯ ಒತ್ತಿದ ಮರುಕ್ಷಣ ಅದು ಜಾರಿ, ಆಗತಾನೇ ಎದ್ದ ಅಕ್ಷರದ ಪಕ್ಕೆಯನ್ನು ತಳ್ಳಿಬಿಡುತ್ತದೆ. ದೀಪವನ್ನು ಓರೆಯಾಗಿಟ್ಟು, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್‌ನಲ್ಲಿ 9ರ ಅಂಚು ನೋಡಿ. ಎರಡನೆಯ ‘ಅಂಕಿ’ ತಗ್ಗಾಗಿ, ಚಪ್ಪಟೆಯಾಗಿ, ಮೆಟ್ಟಿಲಿನಂತೆ ಹೊಳೆಯುತ್ತಿದ್ದರೆ ಅದು ಜಾರಿದ ಗುರುತು. ಆ ಮೆಟ್ಟಿಲು ಅಂಕಿಯ ಮೈಯನ್ನೇ ತಿಂದು ಆಗಿರುವುದರಿಂದ ಅಂಕಿಯ ಮೇಲ್ಭಾಗ ಸಣಕಲಾಗಿರುತ್ತದೆ. ಅಸಲಿ ಡಬಲ್ಡ್ ಡೈಯಲ್ಲಿ ಹೀಗಲ್ಲ, ಅಕ್ಷರ ದಪ್ಪವಾಗುತ್ತದೆ. ಎರಡು ರೂಪಕ್ಕೂ ಉಬ್ಬು, ದುಂಡಗಿನ ಮೈ ಇರುತ್ತದೆ. ತುದಿಗಳಲ್ಲಿ ಸೀಳಿದಂತೆ ಕಚ್ಚು ಕಾಣುತ್ತದೆ. ನನ್ನ ಮಟ್ಟಿಗೆ ಆ ಕಚ್ಚು ಕಾಣದ ನಾಣ್ಯಕ್ಕೆ ಹೆಚ್ಚು ಹೊತ್ತು ಕೊಡುವುದು ದಂಡ.

ಸವೆದ ಡೈಯ ಆಟ ಇನ್ನೊಂದು ಬಗೆ. ಸಾವಿರಾರು ಸಲ ಲೋಹ ಉಜ್ಜಿ ಹರಿದು ಡೈಯ ಗೆರೆಗಳು ಹರಡಿಕೊಳ್ಳುತ್ತವೆ. ಅಕ್ಷರದ ಸುತ್ತ ಮಸುಕು ನೆರಳು, ನಾಣ್ಯದ ಖಾಲಿ ಜಾಗದಲ್ಲಿ ತರಿತರಿ. ಗೆರೆ ಎಲ್ಲಿ ಮುಗಿಯಿತು ಎಂದು ಹೇಳಲಾಗದು. ಇದಕ್ಕೆ ಪ್ರಸಿದ್ಧ ಉದಾಹರಣೆ 1955ರ ಸೆಂಟ್. ಆ ವರ್ಷ ಫಿಲಡೆಲ್ಫಿಯಾ ಟಂಕಸಾಲೆಯಿಂದ 20 ಸಾವಿರಕ್ಕೂ ಹೆಚ್ಚು ನಿಜವಾದ ಡಬಲ್ಡ್ ಡೈ ಸೆಂಟ್‌ಗಳು ಹೊರಬಿದ್ದವು. ಸಿಗರೇಟ್ ಯಂತ್ರದ ಪ್ಯಾಕೆಟ್‌ಗಳಲ್ಲಿ ಚಿಲ್ಲರೆಯಾಗಿ ಸೇರಿ ಜನರ ಕೈಗೆ ಬಂದವೂ ಅವುಗಳಲ್ಲಿ ಬಹಳ. ಅದರ ಜೊತೆಗೇ, ಸವೆದ ಡೈಯಿಂದಾಗಿ ಕೊನೆಯ 5 ಮಾತ್ರ ಜೋಡಿಯಂತೆ ಕಾಣುವ ಸೆಂಟ್‌ಗಳು ‘ಬಡವರ ಡಬಲ್ಡ್ ಡೈ’ ಎಂಬ ಹೆಸರಿನಲ್ಲಿ ಮಾರಾಟವಾದವು. ವ್ಯಾಪಾರಿಗಳ ಜಾಣ್ಮೆ ಮೆಚ್ಚಬೇಕು. ಅಸಲಿಯಲ್ಲಾದರೆ ಇಸವಿಯ ನಾಲ್ಕೂ ಅಂಕಿ, ಸುತ್ತಲ ಬರಹ, ಎಲ್ಲವೂ ಬರಿಗಣ್ಣಿಗೇ ಎರಡೆರಡು.

ನಮ್ಮ ರೂಪಾಯಿ ನಾಣ್ಯಗಳಲ್ಲೂ ಮೆಟ್ಟಿಲು, ನೆರಳು ಎರಡೂ ಸಿಗುತ್ತವೆ. ‘ಡಬಲ್ ಡೈ, ಅಪರೂಪ’ ಎಂದು ಯಾರಾದರೂ ಬೆಲೆ ಹೇಳಿದರೆ, ಓರೆ ಬೆಳಕಿನಲ್ಲಿ ತೆಗೆದ ಹತ್ತಿರದ ಫೋಟೊ ಕೇಳಿ. ನಿಮ್ಮ ಸೆಂಟನ್ನು ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಬೇಡಿ.